ಅವಾತಿಫ್ ಅಬ್ಲಾ ಕಾದ ಮೂರು ವರ್ಷ

ಅವಾತಿಫ್ ಎಡಚಿ. ಆದರೆ ಬರೆಯುತ್ತಿದ್ದದ್ದು ಬಲಗೈಯಲ್ಲಿ. ಎರಡನೇ ತರಗತಿಯಲ್ಲಿ ಮೇಷ್ಟ್ರು ಅವಳ ಎಡಗೈಯನ್ನು ಖರ್ಜೂರದ ನಾರಿನ ಹಗ್ಗದಿಂದ ಬೆಂಚಿಗೆ ಕಟ್ಟಿ, ಬಲಗೈಗೆ ಪೆನ್ಸಿಲ್ ಕೊಟ್ಟಿದ್ದರು. ಒಂದು ಚಳಿಗಾಲವಿಡೀ ಹಾಗೇ ನಡೆಯಿತು. ಅವಳಪ್ಪ ಅದೇ ಶಾಲೆಯ ಜವಾನ. ದಿನವೂ ಗಂಟೆ ಹೊಡೆಯಲು ಆ ಕೋಣೆಯ ಮುಂದೆಯೇ ಹಾದುಹೋಗುತ್ತಿದ್ದ. ಮಗಳ ಕೈಯನ್ನು ನೋಡುತ್ತಿದ್ದ. ಏನೂ ಅನ್ನುವ ಹಾಗಿರಲಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಅವಳ ತಾಯಿ. ನಾನು ಅವಳ ಚಿಕ್ಕಪ್ಪನ ಮಗಳು, ತಹಾನಿ. ಅವಾತಿಫ್ ಮಾತ್ರ ಒಮ್ಮೆಯೂ ಆ ವಿಷಯ ಎತ್ತಿದವಳಲ್ಲ.

ನಮ್ಮೂರು ತರ್ಫಾ. ಅಸ್ಯೂತ್ ಪಟ್ಟಣದಿಂದ ಆಚೆ, ಕಾಲುವೆಯ ದಂಡೆಗೆ ಅಂಟಿಕೊಂಡ ನಲವತ್ತು ಮನೆ. ಸರ್ಕಾರಿ ಶಾಲೆ ಇದ್ದದ್ದು ಒಂದು ಗಂಟೆ ನಡಿಗೆಯ ದೊಡ್ಡೂರಿನಲ್ಲಿ. ಗಂಡುಹುಡುಗರು ಕತ್ತೆಯ ಮೇಲೆ ಕೂತು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ಜವಾನನ ಬೆನ್ನ ಹಿಂದೆ ಹೋಗಿಬಂದು ಓದಿದವರು ನಾವಿಬ್ಬರೇ. ತೊಂಬತ್ತೈದರಲ್ಲಿ ಊರಲ್ಲೇ ಒಂದು ಕೋಣೆಯ ಶಾಲೆ ತೆರೆಯಬಹುದು ಎಂದಾದಾಗ ಮೇಡಂ ಆಗಲು ಬೇರೆ ಯಾರೂ ಸಿಗಲಿಲ್ಲ. ನಮಗಾಗ ಇಪ್ಪತ್ತೊಂದು ವರ್ಷ. ಹಜ್ ಮಾಡಿ ಬಂದಿದ್ದ ಬಹಿಯ್ಯಾ ಅಜ್ಜಿ ತಮ್ಮ ಮನೆಯ ಕೆಳಗಿನ ಕೋಣೆ ಬಿಟ್ಟುಕೊಟ್ಟರು. ಗೋಡೆಯಾಚೆ ಎಮ್ಮೆಯ ಕೊಟ್ಟಿಗೆ, ಮೇಲಂತಸ್ತಿನಲ್ಲಿ ಅಜ್ಜಿಯ ಸಂಸಾರ.

ಶಾಲೆ ಶುರುವಾಗುವ ಮೊದಲು ನಮ್ಮನ್ನು ಅಸ್ಯೂತ್‌ಗೆ ಕರೆಸಿ ತರಬೇತಿ ಕೊಟ್ಟರು. ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳಬೇಕು, ಶಾಲೆಯ ನಿಯಮಗಳನ್ನು ಮಕ್ಕಳೇ ಮಾಡಬೇಕು, ಮೇಡಂ ಪಕ್ಕದಲ್ಲಿ ನಡೆಯಬೇಕೇ ಹೊರತು ಮುಂದೆ ನಿಂತು ಎಳೆಯಬಾರದು ಎಂದರು. ನಾನು ಅದನ್ನು ಬರೆದುಕೊಂಡೆ. ಅವಾತಿಫ್ ಬರೆದುಕೊಳ್ಳಲಿಲ್ಲ, ಅತ್ತಳು.

ಇಪ್ಪತ್ತೆಂಟು ಮಕ್ಕಳು ಸೇರಿದರು. ಮೇಡಂಗೆ ನಮ್ಮ ಕಡೆ ಅಬ್ಲಾ ಎನ್ನುತ್ತಾರೆ, ಅವರೂ ನಮ್ಮನ್ನು ಹಾಗೇ ಕರೆದರು. ಹೆಚ್ಚಿನವರು ಹುಡುಗಿಯರು. ಕೋಣೆಯ ನಾಲ್ಕು ಮೂಲೆಗಳಲ್ಲಿ ಅಕ್ಷರ, ಲೆಕ್ಕ, ಮಣ್ಣು ಮತ್ತು ಬಣ್ಣ, ಅಂಗಡಿ ಆಟ. ಬೆಳಿಗ್ಗೆ ಬಂದ ಕೂಡಲೇ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಬೇಕಾದ ಮೂಲೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಊರವರಿಗೆ ಇದು ನಗೆಯ ವಿಷಯ.

“ಏನಮ್ಮಾ ಅವಾತಿಫ್, ನಿಮ್ಮ ಶಾಲೆಯಲ್ಲಿ ಮಕ್ಕಳೇ ನಿಮಗೆ ಪಾಠ ಹೇಳ್ತಾರಂತೆ?” ಎಂದು ಬಹಿಯ್ಯಾ ಅಜ್ಜಿಯ ಮಗ ಶಹಾತಾ ಕೇಳುತ್ತಿದ್ದ. ದಾಳಿಂಬೆ ತೋಟದವನು, ಮಾತು ಕಡಿಮೆ, ಆಡಿದರೆ ನಾಟುವಂಥದು.

“ಹೇಳ್ತಾರೆ ಮಾವ. ನಮಗೂ ಕಲಿಯೋದು ಬೇಕಾದಷ್ಟಿದೆ,” ಎಂದು ಅವಳು ನಗುತ್ತಿದ್ದಳು.

ಶಹಾತಾನ ಮಗಳು ಇನ್ಶಿರಾಹ್ ಆ ಶಾಲೆಯ ದೀಪ. ಸೇರಿದಾಗ ಅವಳಿಗೆ ಎಂಟು ವರ್ಷ. ಅಂಗಡಿ ಆಟದಲ್ಲಿ ಚೌಕಾಸಿಗೆ ನಿಂತರೆ ನಾನೇ ಸೋಲುತ್ತಿದ್ದೆ. ಜಗಳ ಬಿಡಿಸುವುದು, ಚಿಕ್ಕವರ ಮೂಗು ಒರೆಸುವುದು, ಗಂಟೆ ಹೊಡೆಯುವುದು ಯಾರು ಎಂದು ಸರದಿ ಹಾಕುವುದು, ಎಲ್ಲ ಅವಳದೇ. ಮಕ್ಕಳ ಸಭೆಗೆ ಮೂರು ಸಲ ಅವಳನ್ನೇ ಮುಖ್ಯಸ್ಥೆ ಮಾಡಿದರು. ಅವಳ ಚೀಟಿ ಅಂಗಡಿಯ ಮೊಳೆಯಲ್ಲಿ, ಇಲ್ಲವೇ ಲೆಕ್ಕದ ಮೊಳೆಯಲ್ಲಿ ಇರುತ್ತಿತ್ತು. ಅಕ್ಷರದ ಮೊಳೆಯಲ್ಲಿ ನಾನು ನೋಡಿದ್ದು ಬಹಳ ಅಪರೂಪ. ಎಲ್ಲರೂ ಒಟ್ಟಿಗೆ ಪಾಠ ಓದುವಾಗ ಅವಳ ದನಿಯೇ ಎಲ್ಲರಿಗಿಂತ ಜೋರು. ಆದರೆ ಪಕ್ಕದವಳು ಹಾಳೆ ಮಗುಚಿದ ಮೇಲೆಯೇ ಅವಳು ಮಗುಚುತ್ತಿದ್ದಳು. ಎರಡನೇ ವರ್ಷದಲ್ಲಿ ನನಗೆ ಅನುಮಾನ ಬಂತು.

“ಇವಳು ಓದ್ತಿಲ್ಲ ಕಣೇ. ಕೇಳಿಸ್ಕೊಂಡು ಬಾಯಿಪಾಠ ಮಾಡ್ತಿದ್ದಾಳೆ,” ಎಂದೆ.

“ಗೊತ್ತು,” ಎಂದಳು ಅವಾತಿಫ್.

“ಗೊತ್ತಿದ್ದೂ ಸುಮ್ಮನಿದ್ದೀಯಾ?”

“ಅವಳಿಗೇ ಓದ್ಬೇಕು ಅನ್ನಿಸೋ ದಿನ ಬರುತ್ತೆ, ತಹಾನಿ. ಕಾಯಬೇಕು. ನಾವು ಕೈ ಹಾಕಿದ್ರೆ ಮುರಿದುಹೋಗುತ್ತೆ.”

ಅವಳು ಯಾವ ಕೈಯನ್ನು ನೆನೆದು ಹಾಗೆ ಹೇಳುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ನಾನು ಮುಂದೆ ಮಾತಾಡಲಿಲ್ಲ. ಈಗ ಯೋಚಿಸಿದರೆ, ಆಡಬೇಕಿತ್ತು.

ಮೂರನೇ ವರ್ಷದ ಕೊನೆಗೆ ಮಕ್ಕಳು ದೊಡ್ಡೂರಿನ ಶಾಲೆಯಲ್ಲಿ ಪರೀಕ್ಷೆ ಬರೆಯಬೇಕಿತ್ತು. ಆ ಶಾಲೆ ಶುರುವಾದ ಮೂವತ್ತು ವರ್ಷದಲ್ಲಿ ತರ್ಫಾದ ಹೆಣ್ಣುಮಕ್ಕಳು ಗುಂಪಾಗಿ ಕಾಲುವೆಯ ಸೇತುವೆ ದಾಟಿದ್ದು ಅದೇ ಮೊದಲು. ಶಹಾತಾ ತಾನೇ ಗಾಡಿ ಹೂಡಿ ಎಂಟು ಜನರನ್ನು ಕೂರಿಸಿಕೊಂಡು ಬಂದ. ಮಗಳಿಗೆ ಹೊಸ ಉಡುಪು ಹೊಲಿಸಿದ್ದ. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಯಾರೂ ಮುಂಚೆ ನೋಡಿರದ ಒಂದು ಪುಟದ ಕಥೆ, ಅದನ್ನು ಓದಿ ಉತ್ತರ ಬರೆಯಬೇಕು. ಇನ್ಶಿರಾಹ್ ಒಂದೂವರೆ ಗಂಟೆ ನೆಟ್ಟಗೆ ಕೂತಿದ್ದಳು. ಅತ್ತಿತ್ತ ನೋಡಲಿಲ್ಲ, ಪಕ್ಕದವಳನ್ನು ಕೇಳಲಿಲ್ಲ. ಖಾಲಿ ಹಾಳೆಯನ್ನು ಅಂಚು ಸೇರಿಸಿ ಮಡಚಿ ಮೇಷ್ಟ್ರ ಕೈಗೆ ಕೊಟ್ಟು ಹೊರಗೆ ಬಂದಳು. ಲೆಕ್ಕದ ಹಾಳೆಯನ್ನೂ ಹಾಗೆಯೇ ಕೊಟ್ಟಳು, ಏಕೆಂದರೆ ಆ ಲೆಕ್ಕಗಳೂ ಮಾತುಗಳಲ್ಲೇ ಇದ್ದವು.

ಫಲಿತಾಂಶ ಬಂದ ದಿನ ಶಹಾತಾ ಕೆಳಗಿನ ಕೋಣೆಗೆ ಬಂದ. ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ.

“ನೀನು ನನ್ನ ಮಗಳನ್ನ ಹೊಡೀಲಿಲ್ಲ. ಬೈಲಿಲ್ಲ. ಮೂರು ವರ್ಷ ಪ್ರೀತಿಯಿಂದ ನೋಡ್ಕೊಂಡೆ. ಅದಕ್ಕೆ ದೇವರು ನಿನಗೆ ಒಳ್ಳೇದು ಮಾಡ್ಲಿ. ಪ್ರೀತಿಯಿಂದ ನೋಡ್ಕೊಳ್ಳೋಕೆ ಮನೇಲಿ ಅಜ್ಜಿ ಇದ್ದಾಳಲ್ಲಮ್ಮ. ಶಾಲೆಗೆ ಯಾಕೆ ಕಳಿಸಿದ್ದು ನಾನು?”

ಅವಾತಿಫ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

“ಇನ್ನು ಅವಳು ಬರಲ್ಲ. ಕೋಣೆ ಇಟ್ಕೊಳ್ಳಿ. ಅದು ಅಮ್ಮ ಕೊಟ್ಟ ಮಾತು,” ಎಂದು ಹೇಳಿ ಅವನು ಮೆಟ್ಟಿಲು ಹತ್ತಿ ಹೋದ.

ಇನ್ಶಿರಾಹ್ ಮೇಲಂತಸ್ತಿನಲ್ಲಿ ರೊಟ್ಟಿಯ ಹಿಟ್ಟು ನಾದುತ್ತ, ತಮ್ಮಂದಿರನ್ನು ನೋಡಿಕೊಳ್ಳುತ್ತ ಉಳಿದುಬಿಟ್ಟಳು. ಕೆಳಗೆ ಮಕ್ಕಳ ದನಿ ಏರಿದಾಗಲೆಲ್ಲ ಮೇಲೆ ಅವಳ ಹೆಜ್ಜೆಯ ಸದ್ದು ನಿಲ್ಲುತ್ತಿತ್ತು. ಅವಾತಿಫ್‌ಗೂ ಅದು ಕೇಳಿಸುತ್ತಿತ್ತು. ಆದರೆ ಆ ಮೆಟ್ಟಿಲು ಹತ್ತುವ ಧೈರ್ಯ ಅವಳಿಗೆ ಬರಲಿಲ್ಲ. ಮಗುವಿನ ಮುಖ ನೋಡಲಾರೆ ಎಂದಳು.

ಬೇಸಿಗೆ ಕಳೆದು ಶಾಲೆ ತೆರೆದಾಗ ಅವಳು ಬೇರೆಯೇ ಆಗಿದ್ದಳು. ಮೊಳೆಗಳನ್ನು ಕಿತ್ತಳು. ಹೆಸರಿನ ಚೀಟಿಗಳನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಮೂಲೆಗಳು ಹೋಗಿ ಸಾಲುಗಳು ಬಂದವು. ಯಾರು ಯಾವಾಗ ಏನು ಓದಬೇಕು, ಯಾವಾಗ ನೀರು ಕುಡಿಯಬೇಕು ಎಂಬುದೆಲ್ಲ ಅವಳ ಬಾಯಿಂದಲೇ ಬರಬೇಕು. ಒಬ್ಬರಿಗೂ ಹೊಡೆಯಲಿಲ್ಲ, ಅದು ಅವಳಿಂದ ಆಗುವ ಮಾತಲ್ಲ. ಆದರೆ ಅವಳ ದನಿಯಲ್ಲಿದ್ದ ಬಿಸಿ ಆರಿತ್ತು.

“ಸಲುಗೆ ಕೊಟ್ಟೆ, ಒಂದು ಮಗು ಕಳ್ಕೊಂಡೆ. ಇನ್ನೊಂದನ್ನ ಕಳ್ಕೊಳ್ಳಲ್ಲ,” ಎಂದಳು ನನ್ನ ಹತ್ತಿರ.

ನಿಜ ಹೇಳಬೇಕೆಂದರೆ ಮಕ್ಕಳು ಓದುವುದರಲ್ಲಿ ಮುಂದೆ ಬಂದರು. ನೋಡಲು ಬಂದ ಅಧಿಕಾರಿಗಳು ಮೆಚ್ಚಿದರು. ಊರವರು ಕೂಡ “ಈಗ ಶಾಲೆ ಶಾಲೆ ಥರ ಇದೆ” ಎಂದರು. ಆದರೆ ದಿನದಲ್ಲಿ ನೂರು ಸಲ ಒಂದೇ ಬಗೆಯ ಪ್ರಶ್ನೆ. ಅಬ್ಲಾ, ಪೆನ್ಸಿಲ್ ಮುರೀತು, ಏನು ಮಾಡ್ಲಿ? ಅಬ್ಲಾ, ಪುಟ ಮುಗೀತು, ಮಗುಚಲಾ? ಹೋದ ವರ್ಷ ತಾವೇ ಸಭೆ ಸೇರಿ ಜಗಳ ಬಗೆಹರಿಸಿಕೊಳ್ಳುತ್ತಿದ್ದವರು ಈಗ ಚಾಡಿ ಹೇಳಲು ಸಾಲು ನಿಲ್ಲುತ್ತಿದ್ದರು.

ಕಾಲುವೆಗೆ ನೀರು ಬಿಟ್ಟ ವಾರ ಅದು. ನನಗೆ ಜ್ವರ, ಮನೆಯಲ್ಲಿ ಮಲಗಿದ್ದೆ. ದೊಡ್ಡೂರಿನಿಂದ ಪುಸ್ತಕದ ಗಾಡಿ ಬಂದಿದೆ, ಸೇತುವೆ ದಾಟುತ್ತಿಲ್ಲ ಎಂದು ಯಾರೋ ಬಂದು ಹೇಳಿದರಂತೆ. ಅವಾತಿಫ್ ಮಕ್ಕಳಿಗೆ, “ನಾನು ಬರೋವರೆಗೆ ಯಾರೂ ಜಾಗ ಬಿಟ್ಟು ಏಳ್ಬಾರದು, ಪಾಠ ಬರೀತಾ ಇರಿ” ಎಂದು ಹೇಳಿ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಬಹಿಯ್ಯಾ ಅಜ್ಜಿಯ ಮನೆಯ ಹಿಂದೆ ದಂಡೆಯ ಮಣ್ಣು ಕುಸಿದು ನೀರು ಓಣಿಗೆ ನುಗ್ಗಿತು. ಕೋಣೆಯ ನೆಲ ಓಣಿಗಿಂತ ಎರಡು ಗೇಣು ತಗ್ಗು.

ಅವಾತಿಫ್ ಪುಸ್ತಕದ ಗಂಟು ಹೊತ್ತು ಓಣಿಯ ತಿರುವಿಗೆ ಬಂದಾಗ ನೀರು ಅವಳ ಮೀನಖಂಡಕ್ಕೆ ಬಂದಿತ್ತು. ಗಂಟನ್ನು ಅಲ್ಲೇ ಬಿಟ್ಟು ಓಡಿದಳು. ಒಳಗೆ ಮಕ್ಕಳು ಸಾಲಾಗಿ ಚಾಪೆಯ ಮೇಲೆ ಕೂತೇ ಇದ್ದರು. ಸೊಂಟದವರೆಗೆ ನೀರು. ಪುಸ್ತಕಗಳನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಕೆಲವರು ಸದ್ದಿಲ್ಲದೆ ಅಳುತ್ತಿದ್ದರು. ಒಬ್ಬರೂ ಎದ್ದಿರಲಿಲ್ಲ. ಅವರ ನಡುವೆ, ಮೇಲಂತಸ್ತಿನಿಂದ ಇಳಿದುಬಂದಿದ್ದ ಇನ್ಶಿರಾಹ್ ಉಡುಪನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು, ಎಲ್ಲರಿಗಿಂತ ಚಿಕ್ಕವನಾದ ಆರು ವರ್ಷದ ವಹ್ಬಾನನ್ನು ಬಗಲಲ್ಲಿ ಎತ್ತಿಕೊಂಡು ಮೆಟ್ಟಿಲಿಗೆ ಸಾಗಿಸುತ್ತಿದ್ದಳು. ಅಷ್ಟರಲ್ಲಿ ಐದು ಮಕ್ಕಳನ್ನು ಹೊತ್ತು ಹಾಕಿದ್ದಳಂತೆ.

“ಏಳಿ ಅಂದೆ ಅಬ್ಲಾ. ಏಳ್ಲಿಲ್ಲ. ನೀವೇ ಹೇಳ್ಬೇಕಂತೆ,” ಎಂದಳು. ಆಪಾದನೆ ಇರಲಿಲ್ಲ. ಇದ್ದದ್ದನ್ನು ಹೇಳಿದ್ದಳು ಅಷ್ಟೆ.

“ಏಳಿ,” ಎಂದಳು ಅವಾತಿಫ್. ಮಕ್ಕಳು ಒಂದೇ ಸಲಕ್ಕೆ ಎದ್ದರು.

ಯಾರಿಗೂ ಏನೂ ಆಗಲಿಲ್ಲ. ಗಂಡಸರು ಓಡಿಬಂದು ದಂಡೆಗೆ ಮಣ್ಣು ಹಾಕಿದರು. ಸಂಜೆ ನಾನು ಜ್ವರದಲ್ಲೇ ಎದ್ದು ಅವಾತಿಫ್‌ಳ ಮನೆಗೆ ಹೋದೆ. ಅವಳು ಒದ್ದೆ ಬಟ್ಟೆಯಲ್ಲೇ ಕೂತಿದ್ದಳು.

“ಅವರ ಕೈ ಕಟ್ಟಿದ್ದು ನಾನೇ, ತಹಾನಿ,” ಎಂದಳು. “ಹಗ್ಗ ಇಲ್ದೆ ಕಟ್ಟಿದ್ದೆ.”

ಮರುದಿನ ಅವಳು ಮೇಲಂತಸ್ತಿನ ಮೆಟ್ಟಿಲು ಹತ್ತಿದಳು. ನನ್ನನ್ನೂ ಕರೆದುಕೊಂಡು ಹೋದಳು. ಇನ್ಶಿರಾಹ್ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಬಹಿಯ್ಯಾ ಅಜ್ಜಿ ಪಕ್ಕದಲ್ಲಿ ಕೂತು ದಾಳಿಂಬೆ ಬಿಡಿಸುತ್ತಿದ್ದರು. ಅವಾತಿಫ್ ಮಗುವಿನ ಎದುರು ನೆಲದ ಮೇಲೆ ಕೂತಳು.

“ನನ್ನ ಮೇಲೆ ಕೋಪ ಇದೆಯಾ?”

“ಇಲ್ಲ ಅಬ್ಲಾ.”

“ನಿಂಗೆ ಓದೋಕೆ ಬರಲ್ಲ ಅಂತ ನಂಗೆ ಗೊತ್ತಿತ್ತು. ನಿಂಗೂ ಅದು ಗೊತ್ತಿತ್ತಾ?”

ಇನ್ಶಿರಾಹ್ ಹೌದೆಂದು ತಲೆಯಾಡಿಸಿದಳು. ರೊಟ್ಟಿ ಮಗುಚಿ ಹಾಕುತ್ತ ಹೇಳಿದಳು.

“ಬೇರೆಯವರಿಗೆ ಒಂದೊಂದು ಸಲ ‘ಬಾ, ಇದನ್ನ ಓದು’ ಅಂತಿದ್ರಿ. ನಂಗೆ ಯಾವತ್ತೂ ಅನ್ಲಿಲ್ಲ. ಇವಳ ತಲೆಗೆ ಅಕ್ಷರ ಹತ್ತಲ್ಲ ಅಂತ ನಿಮಗೆ ಗೊತ್ತಾಗಿದೆ, ನಂಗೆ ನೋವಾಗ್ಬಾರ್ದು ಅಂತ ಸುಮ್ಮನಿದ್ದೀರಿ ಅಂದ್ಕೊಂಡೆ.”

ಅವಾತಿಫ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಹಿಯ್ಯಾ ಅಜ್ಜಿ ದಾಳಿಂಬೆಯ ಬಟ್ಟಲನ್ನು ಬದಿಗಿಟ್ಟರು.

“ಅಳೋದು ಆಮೇಲೆ ಅಳು ಮಗಳೇ. ಮೊದಲು ಏನು ಮಾಡ್ತೀಯಾ ಅದನ್ನ ಹೇಳು. ನೀನು ಹಿಂದೆ ನಿಂತೆ, ಮಗು ಒಬ್ಬಳೇ ಹೋಗಿ ಬಿದ್ಲು. ಆಮೇಲೆ ಮುಂದೆ ನಿಂತೆ, ಇಪ್ಪತ್ತೇಳು ಮಕ್ಕಳು ನೀರಲ್ಲಿ ಕೂತ್ರು. ನಿಂಗೆ ಪಕ್ಕದಲ್ಲಿ ನಿಲ್ಲೋಕೆ ಬರಲ್ವಾ?”

ಅವಾತಿಫ್ ಮುಖ ಒರೆಸಿಕೊಂಡು ಮಗುವಿನ ಕಡೆ ತಿರುಗಿದಳು. “ನಾಳೆಯಿಂದ ನೀನು ಓದ್ಲೇಬೇಕು. ಅದನ್ನ ನಾನು ಹೇಳ್ತಿದ್ದೀನಿ, ಅದರಲ್ಲಿ ಚೌಕಾಸಿ ಇಲ್ಲ. ಏನನ್ನ ಓದ್ಬೇಕು ಅನ್ನೋದನ್ನ ನೀನು ಹೇಳು.”

“ಪಾಠದ ಪುಸ್ತಕ ಬೇಡ.”

“ಬೇಡ.”

“ಲಾರಿ ಓದ್ತೀನಿ,” ಎಂದಳು ಇನ್ಶಿರಾಹ್.

ಗುಡ್ಡದಿಂದ ಸುಣ್ಣಕಲ್ಲು ತರುವ ಲಾರಿಗಳು ಕಾಲುವೆಯ ರಸ್ತೆಯಲ್ಲಿ ದಿನವಿಡೀ ಹಾಯುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಬಣ್ಣದ ಅಕ್ಷರದಲ್ಲಿ ಏನಾದರೊಂದು ಮಾತು. ಅವು ಏನು ಹೇಳುತ್ತವೆ ಎಂದು ತಿಳಿಯಬೇಕೆಂಬುದು ಅವಳ ಬಹಳ ದಿನದ ಆಸೆಯಂತೆ. ಯಾರನ್ನಾದರೂ ಕೇಳಿದರೆ ಗುಟ್ಟು ಬಯಲಾಗುತ್ತದೆಂದು ಕೇಳಿರಲಿಲ್ಲ.

ಶಹಾತಾ ಒಪ್ಪಲಿಲ್ಲ. ಮಗಳು ರಸ್ತೆಯಲ್ಲಿ ನಿಲ್ಲುವುದೇ, ಅದೂ ಲಾರಿಯವರ ಮುಂದೆ? ಅವಾತಿಫ್‌ಳ ಅಣ್ಣನೂ ಕೆಂಡವಾದ. ಮದುವೆಯಾಗದ ಹುಡುಗಿ, ಊರು ಏನನ್ನುತ್ತದೆ ಎಂದ. ಅವನಿಗೆ ಉತ್ತರ ಕೊಟ್ಟದ್ದು ಬಹಿಯ್ಯಾ ಅಜ್ಜಿ. “ನಾನೂ ಬರ್ತೀನಿ. ನನ್ನ ಮಾನಕ್ಕೆ ಏನಾದ್ರೂ ಆದ್ರೆ ನೀನು ಬಂದು ಕಾಪಾಡಪ್ಪ,” ಎಂದರು. ಆಮೇಲೆ ಯಾರೂ ತಡೆಯಲಿಲ್ಲ.

ಹೀಗೆ ದಿನವೂ ಮಧ್ಯಾಹ್ನದ ನಮಾಜಿನ ನಂತರ ಮೂವರೂ ರಸ್ತೆ ಬದಿಯ ಅತ್ತಿಮರದ ಕೆಳಗೆ ಕೂರುತ್ತಿದ್ದರು. ಮೊದಮೊದಲು ಒಂದು ಅಕ್ಷರ ಹಿಡಿಯುವಷ್ಟರಲ್ಲಿ ಲಾರಿ ತಿರುವು ದಾಟಿರುತ್ತಿತ್ತು. ಇನ್ಶಿರಾಹ್ ಕಲ್ಲೆತ್ತಿ ಅದರ ಹಿಂದೆ ಎಸೆಯುತ್ತಿದ್ದಳು. ಅವಾತಿಫ್ ತಾನು ಕಂಡದ್ದನ್ನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸುತ್ತಿದ್ದಳು. ಹದಿನೈದನೇ ದಿನಕ್ಕೆ ಒಂದು ಇಡೀ ಪದ ಸಿಕ್ಕಿತು. ಎರಡು ತಿಂಗಳಿಗೆ ಒಂದು ಸಾಲು.

“ಏನಂತೆ?” ಎಂದು ಅಜ್ಜಿ ಕೇಳಿದರು.

“‘ಅಸೂಯೆ ಪಡಬೇಡ, ಇನ್ನೂ ಕಂತು ಕಟ್ಟುತ್ತಿದ್ದೇನೆ’ ಅಂತ ಅಜ್ಜಿ.”

“ಪಾಪ,” ಎಂದರು ಬಹಿಯ್ಯಾ ಅಜ್ಜಿ. “ಮುಂದಿನ ಲಾರಿ ನೋಡು.”

ಓದಲು ಮನಸ್ಸಿಲ್ಲದ ದಿನಗಳೂ ಇದ್ದವು. ಒಮ್ಮೆ ಅವಳು ಮರಕ್ಕೆ ಬೆನ್ನು ಕೊಟ್ಟು ಕೂತು, ಇವತ್ತು ಆಗಲ್ಲ ಎಂದಳು. ಮೊದಲಿನ ಅವಾತಿಫ್ ಆಗಿದ್ದರೆ ಸರಿ ಎಂದು ಎದ್ದುಬಿಡುತ್ತಿದ್ದಳು. ಅವತ್ತು, “ಮೂರು ಲಾರಿ ಓದೋಣ, ಆಮೇಲೆ ಹೋಗೋಣ. ನಾನೂ ಎಲ್ಲೂ ಹೋಗಲ್ಲ,” ಎಂದು ಕೂತೇ ಇದ್ದಳು. ಕತ್ತಲಾಗುವ ಮೊದಲು ಮೂರು ಲಾರಿ ಓದಿದರು.

ಕೆಳಗಿನ ಕೋಣೆಯಲ್ಲೂ ಮೊಳೆಗಳು ಮರಳಿ ಬಂದವು. ಆದರೆ ಬೆಳಿಗ್ಗೆ ಮಗು ಯಾವ ಮೂಲೆಗೆ ಹೋದರೂ ಮಧ್ಯಾಹ್ನದೊಳಗೆ ಅವಾತಿಫ್‌ಳ ಪಕ್ಕ ಕೂತು ಗಟ್ಟಿಯಾಗಿ ಓದಲೇಬೇಕು, ಬೇಕಾದ್ದನ್ನು. ನೀರು ನುಗ್ಗಿದರೆ, ಬೆಂಕಿ ಬಿದ್ದರೆ, ಯಾರಿಗಾದರೂ ಪೆಟ್ಟಾದರೆ ಅಬ್ಲಾಳನ್ನು ಕೇಳದೆ ಏನು ಮಾಡಬೇಕೆಂದು ಮಕ್ಕಳೇ ಸಭೆ ಸೇರಿ ಬರೆದರು. ಎಲ್ಲ ಸಲವೂ ಅವಳ ಲೆಕ್ಕಾಚಾರ ಸರಿಹೋಯಿತು ಎನ್ನಲಾರೆ. ವಹ್ಬಾನನ್ನು ಒಂದು ವರ್ಷ ತೀರ ಒತ್ತಾಯಿಸಿದಳು. ಅವನು ಶಾಲೆ ಬಿಟ್ಟು ಕುರಿ ಕಾಯಲು ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬಳನ್ನು ಅಗತ್ಯಕ್ಕಿಂತ ಹೆಚ್ಚು ದಿನ ಅವಳ ಪಾಡಿಗೆ ಬಿಟ್ಟಳು. ಮಗುವಿನಿಂದ ಮಗುವಿಗೆ ಅಳತೆ ಬೇರೆ, ಒಂದೇ ಮಗುವಿಗೂ ದಿನದಿಂದ ದಿನಕ್ಕೆ ಬೇರೆ, ಅದನ್ನು ನೋಡುತ್ತಲೇ ಇರಬೇಕು, ಬೇರೆ ದಾರಿ ಇಲ್ಲ ಎನ್ನುತ್ತಿದ್ದಳು.

ಇನ್ಶಿರಾಹ್ ಮರುವರ್ಷ ಪರೀಕ್ಷೆ ಬರೆದು ಪಾಸಾದಳು. ಓದಿನಲ್ಲಿ ಅಂಕ ಅಷ್ಟಕ್ಕಷ್ಟೆ. ಐದನೇ ತರಗತಿಯನ್ನೂ ಮುಗಿಸಿದಳು. ಅಲ್ಲಿಂದ ಮುಂದೆ ದೊಡ್ಡೂರಿಗೆ ಕಳಿಸಲು ಶಹಾತಾ ಒಪ್ಪಲಿಲ್ಲ. ಅವಾತಿಫ್ ಎರಡು ಸಲ ಹೋಗಿ ಬೇಡಿದಳು, ಒಂದು ಸಲ ಜಗಳವನ್ನೂ ಆಡಿದಳು. ಆಗಲಿಲ್ಲ. ಹತ್ತೊಂಬತ್ತಕ್ಕೆ ಇನ್ಶಿರಾಹ್‌ಳ ಮದುವೆಯಾಯಿತು. ಈಗ ಹೊಳೆಯಾಚೆಯ ಊರಲ್ಲಿದ್ದಾಳೆ. ಅಲ್ಲಿ ಯಾರ ಹೊಲಕ್ಕೆ ಯಾವಾಗ ನೀರು ಎಂಬ ಸರದಿಯ ಪಟ್ಟಿ ಬಂದರೆ ಅದನ್ನು ಓಣಿಯವರಿಗೆಲ್ಲ ಓದಿ ಹೇಳುವವಳು ಅವಳೇ ಎಂದು ಕೇಳಿದ್ದೇನೆ.

ಅವಾತಿಫ್ ಮದುವೆಯಾಗಲಿಲ್ಲ. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಕಲಿಸಿದಳು. ಹೊಸ ಮೇಡಂಗಳ ತರಬೇತಿಗೆ ಅವಳನ್ನು ಅಸ್ಯೂತ್‌ಗೆ ಕರೆಸುತ್ತಿದ್ದರು. ಉಳಿದವರು ಬಣ್ಣದ ಪಟಗಳನ್ನು ತೂಗುಹಾಕಿ ತಮ್ಮ ಸಾಧನೆ ಹೇಳಿದರೆ, ಅವಳು ಬರಿಗೈಯಲ್ಲಿ ಎದ್ದು ನಿಂತು ಇನ್ಶಿರಾಹ್‌ಳ ಖಾಲಿ ಹಾಳೆಯಿಂದ ಶುರುಮಾಡುತ್ತಿದ್ದಳು. ಒಂದು ಸಲ ಒಬ್ಬ ಹುಡುಗಿ, “ಹಾಗಾದ್ರೆ ಎಷ್ಟು ಬಿಡ್ಬೇಕು, ಎಷ್ಟು ಹಿಡೀಬೇಕು, ಅದನ್ನ ಹೇಳಿ” ಎಂದು ಕೇಳಿದಳು. ಅವಾತಿಫ್ ಯೋಚಿಸಿ, “ನಂಗೆ ಗೊತ್ತಿಲ್ಲಮ್ಮ. ಬಿಟ್ಟಾಗ ಯಾಕೆ ಬಿಟ್ಟೆ ಅಂತ ಆ ಮಗುವಿಗೆ ಗೊತ್ತಾಗೋ ಹಾಗೆ ಇರು. ಹಿಡಿದಾಗಲೂ ಅಷ್ಟೆ,” ಎಂದಳು.

ನಮ್ಮ ಕಡೆ ಬಹಳ ಜನರನ್ನು ಕೊಂಡೊಯ್ದ ಪಿತ್ತಜನಕಾಂಗದ ಕಾಯಿಲೆ ಅವಳಿಗೂ ಬಂತು. ತಿಳಿಯುವಷ್ಟರಲ್ಲಿ ತಡವಾಗಿತ್ತು. ಹತ್ತಿ ಬಿಡಿಸುವ ತಿಂಗಳಲ್ಲಿ, ನಲವತ್ತಮೂರನೇ ವಯಸ್ಸಿನಲ್ಲಿ ಹೋದಳು. ಮೂರು ದಿನ ಶಾಲೆ ಮುಚ್ಚಿದೆವು.

ನಾಲ್ಕನೇ ದಿನ ನಾನು ಬಾಗಿಲು ತೆರೆದಾಗ ಮಕ್ಕಳೆಲ್ಲ ಬಂದಿದ್ದರು. ಯಾರೂ ಚೀಟಿ ಸಿಕ್ಕಿಸಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೋಣೆಯ ನಡುವೆ ಒತ್ತಾಗಿ ಕೂತರು. ಅವರನ್ನು ಹಾಗೆಯೇ ಬಿಡುವುದೋ ಎಬ್ಬಿಸುವುದೋ ನನಗೆ ತಿಳಿಯಲಿಲ್ಲ. ಕೇಳಲು ಅವಳಿರಲಿಲ್ಲ. ಕೊನೆಗೆ ನಾನೂ ಅವರ ನಡುವೆ ಕೂತೆ. ಮಾತಾಡಬೇಕೆನಿಸಿದವರು ಮಾತಾಡಲಿ, ಸುಮ್ಮನಿರಬೇಕೆನಿಸಿದವರು ಸುಮ್ಮನಿರಲಿ, ಹತ್ತು ಗಂಟೆಗೆ ಮಾತ್ರ ಎಲ್ಲರೂ ಲೆಕ್ಕದ ಪುಸ್ತಕ ತೆಗೆಯಬೇಕು ಎಂದೆ. ಇಬ್ಬರು ಮಾತಾಡಿದರು. ಹಲವರು ಅತ್ತರು. ಒಬ್ಬಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಹತ್ತು ಗಂಟೆಗೆ ಅವಳನ್ನು ಎಬ್ಬಿಸಿ ಲೆಕ್ಕದ ಪುಸ್ತಕ ತೆರೆದೆವು.